ನ್ಯಾಚೆಜ್‌ನಲ್ಲಿ ದೆವ್ವಗಳಿಗೂ ಸ್ವಂತ ಮನೆ

ಗುರುವಾರ

ಹ್ಯೂಸ್ಟನ್ ಬಿಟ್ಟಾಗ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಅಕ್ಟೋಬರ್ ಕೊನೆ, ಗಾಳಿಯಲ್ಲಿ ಒಂಚೂರು ತಂಪು. ನಮ್ಮ ಮಗಳಿಗೆ ಈಗ ಹದಿನಾಲ್ಕು. ದೆವ್ವದ ಕಥೆ ಅಂದರೆ ಊಟ ಬಿಡುತ್ತಾಳೆ. ಗಂಡನಿಗೆ ಹಳೇ ಮನೆಗಳ ಹುಚ್ಚು. ನನಗೆ ಮಿಸಿಸಿಪ್ಪಿ ನದಿಯನ್ನು ಹತ್ತಿರದಿಂದ ನೋಡಬೇಕಿತ್ತು. ಮೂವರಿಗೂ ಒಪ್ಪಿಗೆಯಾಗುವ ಊರು ಎಲ್ಲಿದೆ ಅಂತ ಹುಡುಕಿದಾಗ ಸಿಕ್ಕಿದ್ದು ನ್ಯಾಚೆಜ್.

ಮಿಸಿಸಿಪ್ಪಿ ರಾಜ್ಯದ ನೈರುತ್ಯ ಮೂಲೆಯಲ್ಲಿ, ನದಿಯ ಪೂರ್ವ ದಂಡೆಯ ಮೇಲೆ ಕೂತ ಊರಿದು. 1716ರಲ್ಲಿ ಫ್ರೆಂಚರು ಇಲ್ಲಿ ಕೋಟೆ ಕಟ್ಟಿದರು. ನ್ಯೂ ಆರ್ಲಿಯನ್ಸ್ ಹುಟ್ಟಿದ್ದು ಅದಾಗಿ ಎರಡು ವರ್ಷಕ್ಕೆ. ಊರಿನ ಹೆಸರು ಮೊದಲಿಂದ ಅಲ್ಲಿದ್ದ ನ್ಯಾಚೆಜ್ ಬುಡಕಟ್ಟಿನದು. ತಮ್ಮ ನೆಲಕ್ಕೆ ಕೈಹಾಕಿದ ಫ್ರೆಂಚರ ಮೇಲೆ ಅವರು 1729ರಲ್ಲಿ ತಿರುಗಿಬಿದ್ದು ಇನ್ನೂರಕ್ಕೂ ಹೆಚ್ಚು ಜನರನ್ನು ಕೊಂದರು. ಫ್ರೆಂಚರು ಸೇಡು ತೀರಿಸಿಕೊಂಡರು. ಸೆರೆ ಸಿಕ್ಕವರನ್ನು ಹಡಗು ಹತ್ತಿಸಿ ಕೆರಿಬಿಯನ್ ದ್ವೀಪದಲ್ಲಿ ಗುಲಾಮರನ್ನಾಗಿ ಮಾರಿದರು. ಬುಡಕಟ್ಟು ಚೆದುರಿಹೋಯಿತು, ಹೆಸರು ಮಾತ್ರ ಊರಿಗೆ ಅಂಟಿಕೊಂಡಿತು. ಮುಂದೆ ಬಂದದ್ದು ಹತ್ತಿ, ಹತ್ತಿಯ ಹಿಂದೆ ದುಡ್ಡು, ದುಡ್ಡಿನ ಹಿಂದೆ ಅರಮನೆಯಂಥ ಮನೆಗಳು. ಉತ್ತರ ಮತ್ತು ದಕ್ಷಿಣ ರಾಜ್ಯಗಳ ಅಂತರ್ಯುದ್ಧದ ನಡುವೆ 1862ರಲ್ಲಿ ಉತ್ತರದ ನೌಕಾಪಡೆ ಬಂದಾಗ ಊರು ಹೋರಾಡದೆ ಶರಣಾಯಿತು. ಹಾಗಾಗಿ ಮನೆಗಳು ಉಳಿದವು. ಮನೆಗಳ ಜೊತೆ ದೆವ್ವಗಳೂ.

ಲೂಯಿಸಿಯಾನಾದೊಳಗೆ ಹೆದ್ದಾರಿ ಸುಮಾರು ಹದಿನೆಂಟು ಮೈಲಿ ಜೌಗಿನ ಮೇಲೆ ಸೇತುವೆಯಾಗಿ ಹೋಗುತ್ತದೆ. ಅಚಾಫಲಾಯ ಅಂತ ಆ ಜೌಗಿನ ಹೆಸರು. ಕೆಳಗೆ ಕಪ್ಪು ನೀರು, ನೀರಲ್ಲೇ ನಿಂತ ಸೈಪ್ರೆಸ್ ಮರಗಳು. ದೆವ್ವಕ್ಕೆ ಇದಕ್ಕಿಂತ ಒಳ್ಳೆ ಜಾಗ ಬೇಕಾ ಅಂತ ಮಗಳು ಕೇಳಿದಳು. ಇಲ್ಲಿ ಮೊಸಳೆ ಜಾಸ್ತಿ, ದೆವ್ವಕ್ಕೆ ಜಾಗ ಸಾಲದು ಅಂದ ಅವಳಪ್ಪ.

ಬ್ಯಾಟನ್ ರೂಜ್ ದಾಟಿ ಉತ್ತರಕ್ಕೆ ತಿರುಗಿದರೆ ಸೇಂಟ್ ಫ್ರಾನ್ಸಿಸ್‌ವಿಲ್ ಸಿಗುತ್ತದೆ. ಮರ್ಟಲ್ಸ್ ಎಂಬ ಪ್ರಸಿದ್ಧ ದೆವ್ವದ ಮನೆ ಇರುವುದು ಅಲ್ಲೇ. 1796ರಲ್ಲಿ ಕಟ್ಟಿದ್ದು, ಈಗ ಹೋಟೆಲ್. ಉದ್ದ ಜಗಲಿ, ಕಬ್ಬಿಣದ ಕಸೂತಿ, ಅಂಗಳದ ಓಕ್ ಮರಗಳಿಂದ ಗಡ್ಡದ ಹಾಗೆ ಜೋತುಬಿದ್ದ ಬೂದು ಬಣ್ಣದ ಸ್ಪ್ಯಾನಿಷ್ ಮಾಸ್. ಇಲ್ಲಿನ ತಾರೆ ಕ್ಲೋಯಿ. ಹಸಿರು ರುಮಾಲು ಸುತ್ತಿದ ಗುಲಾಮ ಹೆಂಗಸು. ಯಜಮಾನನ ಮಾತು ಕದ್ದು ಕೇಳಿದಳು ಅಂತ ಅವಳ ಕಿವಿ ಕತ್ತರಿಸಿದರಂತೆ. ಅವಳು ಕಣಗಿಲೆ ಎಲೆಯ ವಿಷ ಬೆರೆಸಿ ಕೇಕ್ ಮಾಡಿದಳಂತೆ. ಯಜಮಾನಿಯೂ ಇಬ್ಬರು ಮಕ್ಕಳೂ ಸತ್ತರಂತೆ. ಉಳಿದ ಗುಲಾಮರೇ ಕ್ಲೋಯಿಯನ್ನು ನೇಣಿಗೆ ಹಾಕಿ ನದಿಗೆ ಎಸೆದರಂತೆ. ಅಂಗಡಿಯಲ್ಲಿ ಅವಳ ಚಿತ್ರದ ಪೋಸ್ಟ್‌ಕಾರ್ಡ್ ಕೂಡ ಮಾರುತ್ತಾರೆ.

ಆದರೆ ದಾಖಲೆಗಳಲ್ಲಿ ಕ್ಲೋಯಿ ಎಂಬ ಹೆಸರೇ ಇಲ್ಲ. ಮನೆಯೊಡತಿ ಸಾರಾ ವುಡ್ರಫ್ ಸತ್ತದ್ದು 1823ರಲ್ಲಿ, ಸೊಳ್ಳೆ ಹರಡುವ ಹಳದಿ ಜ್ವರದಿಂದ. ಮಕ್ಕಳು ಹೋಗಿದ್ದು ಮರುವರ್ಷ. ಈ ಮನೆಯಲ್ಲಿ ನಿಜವಾಗಿ ಆದ ಕೊಲೆ ಅಂದರೆ 1871ರಲ್ಲಿ ವಿಲಿಯಂ ವಿಂಟರ್ ಎಂಬ ವಕೀಲನದು. ಯಾರೋ ಬಂದು ಹೊರಗೆ ಕರೆದರು, ಜಗಲಿಗೆ ಬಂದವನಿಗೆ ಗುಂಡು ಹೊಡೆದರು. ಅವನು ಅಲ್ಲೇ ಸತ್ತ. ಕಥೆಯಲ್ಲಿ ಮಾತ್ರ ತೆವಳಿಕೊಂಡು ಒಳಗೆ ಬಂದು ಹದಿನೇಳನೇ ಮೆಟ್ಟಿಲಲ್ಲಿ ಸಾಯುತ್ತಾನೆ. ಸೊಳ್ಳೆಯಿಂದ ಸತ್ತ ಮಕ್ಕಳ ಸಾವನ್ನು ಒಬ್ಬ ಕಪ್ಪು ಹೆಂಗಸಿನ ತಲೆಗೆ ಕಟ್ಟಿ, ಅವಳನ್ನು ನೇಣಿಗೇರಿಸಿ, ಕೊನೆಗೆ ಅವಳ ಪೋಸ್ಟ್‌ಕಾರ್ಡ್ ಮಾರುವುದು! ಕಾರಿಗೆ ಬಂದ ಮೇಲೂ ನನಗೆ ಇದು ಕೊರೆಯುತ್ತಿತ್ತು.

ನ್ಯಾಚೆಜ್ ತಲುಪಿದ್ದು ಸಂಜೆಗೆ. ಊರು ಸುಮಾರು ಇನ್ನೂರು ಅಡಿ ಎತ್ತರದ ಮಣ್ಣಿನ ದಿಬ್ಬದ ಮೇಲಿದೆ. ದಿಬ್ಬದ ಅಂಚಿನ ಪಾರ್ಕಿನಲ್ಲಿ ನಿಂತರೆ ಕೆಳಗೆ ನದಿ, ಆಚೆ ದಂಡೆಯಲ್ಲಿ ಲೂಯಿಸಿಯಾನಾದ ಬಯಲು. ಎಡಕ್ಕೆ ಜೋಡಿ ಸೇತುವೆ. ಸೂರ್ಯ ನೇರವಾಗಿ ಆಚೆ ದಂಡೆಗೆ ಇಳಿಯುತ್ತಾನೆ. ದೋಣಿ ಒಂದು ಇಪ್ಪತ್ತಕ್ಕೂ ಹೆಚ್ಚು ಬಾರ್ಜುಗಳನ್ನು ಕಟ್ಟಿಕೊಂಡು ಪ್ರವಾಹಕ್ಕೆ ಎದುರಾಗಿ ಏದುಸಿರು ಬಿಡುತ್ತಾ ಹೋಗುತ್ತಿತ್ತು. ನನ್ನ ಪ್ರವಾಸದ ಉದ್ದೇಶ ಅಲ್ಲಿಗೇ ಮುಗಿಯಿತು ಅಂತ ಹೇಳಿದರೂ ಸುಳ್ಳಲ್ಲ.

ಉಳಿದುಕೊಂಡದ್ದು ಹೆದ್ದಾರಿ ಪಕ್ಕದ ಮೋಟೆಲ್‌ನಲ್ಲಿ. ದಕ್ಷಿಣದ ಸಣ್ಣ ಊರುಗಳ ಎಷ್ಟೋ ಮೋಟೆಲ್‌ಗಳ ಹಾಗೆ ಇದರ ಮಾಲೀಕರೂ ಗುಜರಾತಿಗಳು. ದೆವ್ವ ನೋಡೋಕೆ ಬಂದಿದ್ದೇವೆ ಅಂದದ್ದಕ್ಕೆ ಆ ಅಮ್ಮ, "ಇಲ್ಲಿ ಯಾವ ದೆವ್ವನೂ ಇಲ್ಲ, ಬೆಳಗ್ಗೆ ಚಹಾ ಇದೆ" ಅಂದರು.

ಶುಕ್ರವಾರ

ಬೆಳಗ್ಗೆ ಮೊದಲು ಲಾಂಗ್‌ವುಡ್. ಇಡೀ ಪ್ರವಾಸದಲ್ಲಿ ಒಂದೇ ಮನೆ ನೋಡುವಷ್ಟು ಸಮಯ ಇದ್ದರೆ ಇದನ್ನೇ ನೋಡಿ.

ಕಾಡಿನ ನಡುವೆ ದಾರಿ ತಿರುಗುತ್ತದೆ. ಇದ್ದಕ್ಕಿದ್ದಂತೆ ಎಂಟು ಮೂಲೆಯ ಇಟ್ಟಿಗೆ ಕಟ್ಟಡ, ಅದರ ಮೇಲೆ ಈರುಳ್ಳಿಯಾಕಾರದ ಗುಮ್ಮಟ. ಮಿಸಿಸಿಪ್ಪಿಯಲ್ಲಿ ಇದೇನು ಅಂತ ಒಂದು ಕ್ಷಣ ಗೊಂದಲ. ಕಟ್ಟಿಸಿದವನು ಹಾಲರ್ ನಟ್. ಹತ್ತಿಯ ದೊಡ್ಡ ಜಮೀನುದಾರ, ನೂರಾರು ಗುಲಾಮರ ಒಡೆಯ. ನಕ್ಷೆ ಬರೆದವನು ಫಿಲಡೆಲ್ಫಿಯಾದ ಸ್ಯಾಮ್ಯುಯೆಲ್ ಸ್ಲೋನ್. ಪೌರಸ್ತ್ಯ ಶೈಲಿ ಅಂತ ಆ ಕಾಲದಲ್ಲಿ ಇದು ಫ್ಯಾಷನ್ ಆಗಿತ್ತು. 1860ರಲ್ಲಿ ಕೆಲಸ ಶುರುವಾಯಿತು. ನಕ್ಷೆಯಲ್ಲಿ ಕೋಣೆಗಳು 32. 1861ರಲ್ಲಿ ಯುದ್ಧದ ಸುದ್ದಿ ಬಂದ ಕೂಡಲೇ ಉತ್ತರದಿಂದ ಬಂದಿದ್ದ ಕುಶಲಕರ್ಮಿಗಳು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಊರಿಗೆ ಹೊರಟುಬಿಟ್ಟರು. ಮುಗಿದದ್ದು ನೆಲಮಾಳಿಗೆಯ 9 ಕೋಣೆ ಮಾತ್ರ. ಅಷ್ಟನ್ನಾದರೂ ಮುಗಿಸಿದ್ದು ಗುಲಾಮರ ಕೈ.

ನೆಲಮಾಳಿಗೆ ಸಾಮಾನ್ಯ ಶ್ರೀಮಂತರ ಮನೆ. ಮಂಚ, ಕನ್ನಡಿ, ತೊಟ್ಟಿಲು. ಅಲ್ಲಿಂದ ಮೇಲೆ ಹತ್ತಿಸುತ್ತಾರೆ. ಅಲ್ಲಿ ನನಗೆ ಮಾತೇ ಹೊರಡಲಿಲ್ಲ. ಗಾರೆ ಕಾಣದ ಬರೀ ಇಟ್ಟಿಗೆ. ಬಾಗಿಲಿಲ್ಲದ ಬಾಗಿಲುಗಳು. ತಲೆ ಎತ್ತಿದರೆ ಮಹಡಿಯ ಮೇಲೆ ಮಹಡಿ, ತೊಲೆಯ ಮೇಲೆ ತೊಲೆ, ತುತ್ತತುದಿಯಲ್ಲಿ ಗುಮ್ಮಟದ ಬೆಳಕು. ಕೆಲಸಗಾರರು ಬಿಟ್ಟುಹೋದ ಉಪಕರಣ, ಬಣ್ಣದ ಡಬ್ಬಿ, ಸಾಮಾನು ಬಂದ ಮರದ ಪೆಟ್ಟಿಗೆಗಳು ಈಗಲೂ ಅಲ್ಲೇ ಇವೆ. ಮಧ್ಯಾಹ್ನದ ಊಟಕ್ಕೆ ಎದ್ದು ಹೋದವರು ಇನ್ನೇನು ಬರುತ್ತಾರೆ ಅನ್ನುವಂತಿದೆ.

ನಟ್ ಉತ್ತರದ ಪರ ಒಲವಿದ್ದವನು. ಆದರೂ ಯುದ್ಧ ಅವನ ತೋಟಗಳನ್ನು ನುಂಗಿತು. 1864ರಲ್ಲಿ ನ್ಯುಮೋನಿಯಾದಿಂದ ಸತ್ತ. ಮನೆ ಮುರಿದ ದುಃಖದಿಂದ ಸತ್ತ ಅಂತ ಊರವರು ಹೇಳುತ್ತಾರೆ. ಹೆಂಡತಿ ಜೂಲಿಯಾ ಮಕ್ಕಳನ್ನು ಕಟ್ಟಿಕೊಂಡು ಮೂವತ್ತಕ್ಕೂ ಹೆಚ್ಚು ವರ್ಷ ಆ ನೆಲಮಾಳಿಗೆಯಲ್ಲೇ ಬದುಕಿದಳು. ತಲೆಯ ಮೇಲೆ ಇಷ್ಟು ದೊಡ್ಡ ಖಾಲಿ ಮನೆ ಹೊತ್ತುಕೊಂಡು! ಊರವರು ಇದಕ್ಕೆ "ನಟ್‌ನ ಮೂರ್ಖತನ" ಅಂತಲೇ ಹೆಸರಿಟ್ಟಿದ್ದರು. ಹಾಲರ್ ತೋಟದಲ್ಲಿ ಓಡಾಡುತ್ತಾನೆ, ಜೂಲಿಯಾ ಮೆಟ್ಟಿಲ ಮೇಲೆ ಕಾಣುತ್ತಾಳೆ ಅನ್ನುವುದು ಇಲ್ಲಿನ ದೆವ್ವದ ಕಥೆ. ನಾವು ಹೋದಾಗ ಯಾರೂ ಕಾಣಲಿಲ್ಲ. ಮಗಳು ಫೋನಿನಲ್ಲಿ ದೆವ್ವ ಪತ್ತೆ ಮಾಡುವ ಆ್ಯಪ್ ಹಾಕಿಕೊಂಡಿದ್ದಳು. ಟಿಕೆಟ್ ಕೌಂಟರಿನ ಫ್ರಿಜ್ ಹತ್ತಿರ ಅದು ಜೋರಾಗಿ ಕೂಗಿತು.

ಮಧ್ಯಾಹ್ನ ಸ್ಟ್ಯಾಂಟನ್ ಹಾಲ್. ಊರಿನ ಒಂದಿಡೀ ಬ್ಲಾಕ್ ಆವರಿಸಿದ ಬಿಳಿ ಅರಮನೆ. ಐರ್ಲೆಂಡಿನಿಂದ ಬಂದು ಹತ್ತಿ ವ್ಯಾಪಾರದಲ್ಲಿ ಸಿರಿವಂತನಾದ ಫ್ರೆಡೆರಿಕ್ ಸ್ಟ್ಯಾಂಟನ್ ಇದನ್ನು 1857ರಲ್ಲಿ ಮುಗಿಸಿದ, 1859ರ ಶುರುವಿನಲ್ಲೇ ಸತ್ತ. ಭರ್ಜರಿ ಕನ್ನಡಿಗಳು, ಭರ್ಜರಿ ದೀಪಗಳು. ಗಂಡನಿಗೆ ಇಷ್ಟವಾಯಿತು. ನನಗೆ ಮದುವೆ ಮಂಟಪ ನೋಡಿದ ಹಾಗಾಯಿತು.

ಮ್ಯಾಗ್ನೋಲಿಯಾ ಹಾಲ್ ಇನ್ನೊಂದು ಬಗೆ. 1858ರದು. ಯುದ್ಧಕ್ಕೆ ಮುಂಚೆ ಇಲ್ಲಿ ಮುಗಿದ ದೊಡ್ಡ ಮನೆಗಳಲ್ಲಿ ಕೊನೆಯದು. ಮಾಲೀಕ ಥಾಮಸ್ ಹೆಂಡರ್ಸನ್‌ಗೆ ಕೊನೆಗಾಲದಲ್ಲಿ ಲಕ್ವ ಹೊಡೆದು ಮಾತು ನಿಂತಿತ್ತಂತೆ. 1863ರಲ್ಲಿ ತೀರಿಕೊಂಡ. ಅವನ ಕೋಣೆಯ ಹಾಸಿಗೆಯನ್ನು ಎಷ್ಟು ಚೆನ್ನಾಗಿ ಹಾಸಿದರೂ ದಿಂಬಿನ ಮೇಲೆ ತಲೆ ಒರಗಿಸಿದ ಗುರುತು ಮೂಡುತ್ತದೆ ಅನ್ನುವುದು ಕಥೆ. ಹೇಳಬೇಕೆಂದದ್ದನ್ನು ಹೇಳದೆ ಸತ್ತವನು, ಅದಕ್ಕೇ ಮತ್ತೆ ಮತ್ತೆ ಬರುತ್ತಾನೆ. ಇದು ನನಗೆ ಹಿಡಿಸಿತು. ಕಿರುಚುವ ದೆವ್ವಕ್ಕಿಂತ ದಿಂಬಿನ ತಗ್ಗು ಎಷ್ಟೋ ಮೇಲು.

ರಾತ್ರಿ ಎಂಟಕ್ಕೆ ದೆವ್ವದ ನಡಿಗೆ. ಹತ್ತು ಹನ್ನೆರಡು ಜನರ ಗುಂಪು, ಕೈಯಲ್ಲಿ ಲಾಟೀನು ಹಿಡಿದ ಮಾರ್ಗದರ್ಶಿ. ಒಳ್ಳೆ ಮಾತುಗಾರ. ನಗಿಸುವುದು ಎಲ್ಲಿ, ದನಿ ತಗ್ಗಿಸುವುದು ಎಲ್ಲಿ ಅಂತ ಅವನಿಗೆ ಚೆನ್ನಾಗಿ ಗೊತ್ತು. ಕಿಂಗ್ಸ್ ಟ್ಯಾವರ್ನ್ ಮುಂದೆ ಬಹಳ ಹೊತ್ತು ನಿಲ್ಲಿಸಿದ. ಊರಿನ ಅತಿ ಹಳೆಯ ಕಟ್ಟಡಗಳಲ್ಲಿ ಒಂದು, 1789ಕ್ಕೂ ಹಿಂದಿನದು. ತೊಲೆಗಳಿಗೆ ಹಳೇ ದೋಣಿಗಳನ್ನು ಒಡೆದ ಮರ ಹಾಕಿದ್ದಾರೆ. ಆಗ ಮೇಲಿನ ರಾಜ್ಯಗಳಿಂದ ಜನ ಚಪ್ಪಟೆ ದೋಣಿಯಲ್ಲಿ ಸರಕು ತಂದು, ಪ್ರವಾಹಕ್ಕೆ ಎದುರಾಗಿ ವಾಪಸ್ ಹೋಗಲಾಗದೆ ದೋಣಿಯನ್ನೇ ಮರಕ್ಕೆ ಮಾರಿ, ನ್ಯಾಚೆಜ್ ಟ್ರೇಸ್ ಎಂಬ ಕಾಡುದಾರಿಯಲ್ಲಿ ನ್ಯಾಶ್‌ವಿಲ್ ಕಡೆಗೆ ನಡೆದು ಹೋಗುತ್ತಿದ್ದರು. ಸೊಂಟದಲ್ಲಿ ಮಾರಿದ ದುಡ್ಡು, ದಾರಿಯಲ್ಲಿ ಡಕಾಯಿತರು. ಈ ಛತ್ರ ಆ ದಾರಿಯ ತುದಿ.

ಛತ್ರದ ದೆವ್ವ ಮ್ಯಾಡೆಲಿನ್. ಮಾಲೀಕ ರಿಚರ್ಡ್ ಕಿಂಗ್‌ನ ಕೆಲಸದ ಹುಡುಗಿ, ಪ್ರೇಯಸಿ ಕೂಡ. ಹೆಂಡತಿ ಅವಳನ್ನು ಕೊಲ್ಲಿಸಿ ಗೋಡೆಯಲ್ಲಿ ಮುಚ್ಚಿಸಿದಳಂತೆ. 1930ರ ದಶಕದಲ್ಲಿ ಒಲೆಯ ಗೋಡೆ ಒಡೆದಾಗ ಮೂರು ಅಸ್ಥಿಪಂಜರವೂ ರತ್ನದ ಹಿಡಿಯ ಕಠಾರಿಯೂ ಸಿಕ್ಕವು ಅಂತ ಮಾರ್ಗದರ್ಶಿ ಹೇಳಿದ. ಕಠಾರಿ ಈಗೆಲ್ಲಿದೆ ಅಂತ ಗುಂಪಿನಲ್ಲಿ ಒಬ್ಬರು ಕೇಳಿದರು. ಅವನು ಲಾಟೀನು ಎತ್ತಿ ನಕ್ಕು ಮುಂದೆ ನಡೆದ.

ಆಮೇಲೆ ವಿಳಾಸದ ಮೇಲೆ ವಿಳಾಸ, ಕಥೆಯ ಮೇಲೆ ಕಥೆ. ಡನ್‌ಲೀತ್ ಎಂಬ ಮನೆಯಲ್ಲಿ ಮಿಸ್ ಪರ್ಸಿ ಹಾರ್ಪ್ ನುಡಿಸುತ್ತಾಳೆ. ಮಾನ್‌ಮತ್‌ನಲ್ಲಿ ಜನರಲ್ ಕ್ವಿಟ್ಮನ್ ಬೂಟುಗಾಲಲ್ಲಿ ಓಡಾಡುತ್ತಾನೆ. ಲಿಂಡನ್‌ನಲ್ಲಿ ಯಾರೋ ಊರುಗೋಲು ಕುಟ್ಟುತ್ತಾರೆ. ಕೇಳುತ್ತಾ ಕೇಳುತ್ತಾ ನನಗೆ ಒಂದು ಲೆಕ್ಕ ತಲೆಗೆ ಬಂತು. ಮ್ಯಾಡೆಲಿನ್ ಒಬ್ಬಳನ್ನು ಬಿಟ್ಟರೆ ದೆವ್ವಗಳೆಲ್ಲ ಮನೆಯ ಮಾಲೀಕರು ಇಲ್ಲವೇ ಅವರ ನೆಂಟರು! ಯುದ್ಧಕ್ಕೆ ಮುಂಚೆ ಈ ಜಿಲ್ಲೆಯ ಹತ್ತು ಜನರಲ್ಲಿ ಏಳು ಜನ ಗುಲಾಮರು. ಈ ಮನೆಗಳಲ್ಲಿ ಸತ್ತವರಲ್ಲಿ ಅವರೇ ಜಾಸ್ತಿ ಇರಬೇಕಲ್ವಾ? ಅನ್ಯಾಯದಿಂದ ಸತ್ತವರೇ ದೆವ್ವವಾಗುವುದಾದರೆ ಇಲ್ಲಿ ಸರದಿ ಯಾರದು?

ನಾನು ಕಾರ್ಕಳದ ಕಡೆಯವಳು. ನಮ್ಮಲ್ಲಿ ಕಲ್ಕುಡನ ಕಥೆ ಗೊತ್ತಿಲ್ಲದವರಿಲ್ಲ. ಬೆಟ್ಟದ ಮೇಲೆ ಗೊಮ್ಮಟನನ್ನು ಕಡೆದ ಶಿಲ್ಪಿ. ಇಂಥದ್ದನ್ನು ಬೇರೆಲ್ಲೂ ಕಡೆಯಬಾರದು ಅಂತ ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ. ತಂಗಿ ಕಲ್ಲುರ್ಟಿಯ ಜೊತೆ ಅವನು ದೈವವಾಗಿ ಬಂದು ಅರಸನ ಮನೆಯನ್ನು ಹಾಳುಗೆಡವಿದ. ಇವತ್ತಿಗೂ ಕೋಲದಲ್ಲಿ ಅವನು ಮಾತಾಡುವಾಗ ಗುತ್ತಿನ ಯಜಮಾನ ಕೈಕಟ್ಟಿ ನಿಲ್ಲಬೇಕು. ಅಂಥ ಊರಿಂದ ಬಂದವಳಿಗೆ ಇಲ್ಲಿನ ದೆವ್ವಗಳು ವಿಚಿತ್ರ ಅನ್ನಿಸದೆ ಇರುತ್ತದಾ? ಸತ್ತ ಮೇಲೂ ಯಜಮಾನಿಕೆ ಬಿಡದ ದೆವ್ವಗಳು.

ಶನಿವಾರ

ಬೆಳಗ್ಗೆ ಸ್ಮಶಾನಕ್ಕೆ. ಹೀಗೆ ಬರೆದರೆ ಊರಲ್ಲಿ ಅಮ್ಮ ಬೈಯುತ್ತಾಳೆ. ಆದರೆ ನ್ಯಾಚೆಜ್ ನಗರ ಸ್ಮಶಾನ ಒಂದು ದೊಡ್ಡ ಉದ್ಯಾನವನದ ಹಾಗಿದೆ. 1822ರಿಂದ ಇದೆ. ಇಳಿಜಾರಿನ ಹುಲ್ಲು, ಹಳೇ ಓಕ್‌ಗಳು, ಅಂಚಿನಲ್ಲಿ ನದಿ.

ಎಲ್ಲರೂ ಮೊದಲು ಹುಡುಕುವುದು ಫ್ಲಾರೆನ್ಸ್ ಐರೀನ್ ಫೋರ್ಡ್‌ಳ ಗೋರಿಯನ್ನು. 1871ರಲ್ಲಿ ಹಳದಿ ಜ್ವರಕ್ಕೆ ಸಿಕ್ಕಿ ಸತ್ತಾಗ ಅವಳಿಗೆ ಹತ್ತು ವರ್ಷ. ಗುಡುಗು ಸಿಡಿಲು ಅಂದರೆ ಮಗುವಿಗೆ ಪ್ರಾಣಭಯ, ಓಡಿ ಬಂದು ಅಮ್ಮನನ್ನು ತಬ್ಬಿಕೊಳ್ಳುತ್ತಿತ್ತಂತೆ. ಅಮ್ಮ ಗೋರಿಯ ತಲೆಕಡೆಗೆ ನೆಲದೊಳಕ್ಕೆ ಮೆಟ್ಟಿಲು ಕಟ್ಟಿಸಿದಳು. ಪೆಟ್ಟಿಗೆಯ ತಲೆಯ ಬಳಿ ಗಾಜಿನ ಕಿಟಕಿ, ಮೇಲೆ ಮುಚ್ಚಿಕೊಳ್ಳಲು ಕಬ್ಬಿಣದ ಬಾಗಿಲು. ಮಳೆ ಬಂದಾಗ ಅಮ್ಮ ಕೆಳಗಿಳಿದು ಬಾಗಿಲು ಮುಚ್ಚಿಕೊಂಡು ಮಗಳ ಪಕ್ಕ ಕೂರುತ್ತಿದ್ದಳು. 1950ರ ದಶಕದಲ್ಲಿ ಕಿಡಿಗೇಡಿಗಳ ಕಾಟಕ್ಕೆ ಗಾಜಿನ ಜಾಗಕ್ಕೆ ಕಾಂಕ್ರೀಟ್ ಗೋಡೆ ಬಂತು. ಮೆಟ್ಟಿಲು ಈಗಲೂ ಇದೆ, ಇಳಿಯಬಹುದು. ನಾನು ಇಳಿದೆ. ಆರು ಮೆಟ್ಟಿಲಿರಬಹುದು, ಒಳಗೆ ತಣ್ಣನೆ ಹಸಿ ಮಣ್ಣಿನ ವಾಸನೆ. ಮಗಳು ಇಳಿಯಲಿಲ್ಲ. ಬಾ ಅಂತ ನಾನೂ ಕರೆಯಲಿಲ್ಲ.

ಇಲ್ಲಿ ದೆವ್ವದ ಕಥೆಯೇ ಬೇಕಾಗಿಲ್ಲ. ರೂಫಸ್ ಕೇಸ್ ಎಂಬಾತನನ್ನು ಅವನ ತೂಗುಕುರ್ಚಿಯ ಸಮೇತ ಹೂತರು ಅಂತಾರೆ. ಇನ್ನೊಂದು ಕಲ್ಲಿನ ಮೇಲೆ "ನತದೃಷ್ಟೆ ಲೂಯಿಸ್" ಅಂತ ಮಾತ್ರ ಇದೆ. ಅಡ್ಡಹೆಸರಿಲ್ಲ, ಇಸವಿ ಇಲ್ಲ. ಮದುವೆಯಾಗಲು ಬಂದವಳು, ಹುಡುಗ ಸಿಗದೆ ಕೊನೆಗೆ ದಿಬ್ಬದ ಕೆಳಗಿನ ಸೂಳೆಗೇರಿ ಸೇರಿದಳು ಅನ್ನುವುದು ಊರವರ ಊಹೆ. ಕಲ್ಲಿಗೆ ದುಡ್ಡು ಕೊಟ್ಟವರು ಯಾರು ಅನ್ನುವುದಕ್ಕೂ ಊರಲ್ಲಿ ಬೇಕಾದಷ್ಟು ಕಥೆಗಳಿವೆ.

ತಿರುಗುವ ದೇವತೆ ಅಂತ ಒಂದು ಪ್ರತಿಮೆ ಇದೆ. ಕೈಯಲ್ಲಿ ಪುಸ್ತಕ ಹಿಡಿದ ರೆಕ್ಕೆಯ ಹೆಂಗಸು. ಮುಂದೆ ಐದು ಸಣ್ಣ ಕಲ್ಲು. 1908ರ ಮಾರ್ಚ್ 14ರಂದು ಊರಿನ ಔಷಧ ಕಂಪನಿಯ ಐದು ಅಂತಸ್ತಿನ ಕಟ್ಟಡ ಅನಿಲ ಸೋರಿ ಸಿಡಿಯಿತು. ಅಲ್ಲಿ ಕೆಲಸ ಮಾಡುತ್ತಿದ್ದ ಐದು ಹುಡುಗಿಯರು ಸತ್ತರು. ಚಿಕ್ಕವಳಿಗೆ ಹನ್ನೆರಡು. ಮಾಲೀಕ ಅವರನ್ನು ಒಟ್ಟಿಗೆ ಹೂಳಿಸಿ ಈ ಪ್ರತಿಮೆ ಇಟ್ಟ. ರಾತ್ರಿ ರಸ್ತೆಯಲ್ಲಿ ಕಾರಿನ ಬೆಳಕು ಬಿದ್ದರೆ ದೇವತೆ ನಿಮ್ಮ ಕಡೆಗೇ ತಿರುಗಿದ ಹಾಗೆ ಕಾಣುತ್ತದೆ. ನಾವು ರಾತ್ರಿ ಮತ್ತೆ ಬಂದು ರಸ್ತೆಯಿಂದಲೇ ನೋಡಿದೆವು. ಹೌದು, ತಿರುಗಿತು. ಬೆಳಕಿನ ಆಟ ಅಂತ ಗೊತ್ತಿದ್ದರೂ ಮೂವರೂ ಒಟ್ಟಿಗೆ ಕೂಗಿಕೊಂಡೆವು. ಎರಡನೇ ಸಲವೂ ಕೂಗಿದೆವು.

ಪಕ್ಕದಲ್ಲೇ ಸೈನಿಕರ ರಾಷ್ಟ್ರೀಯ ಸ್ಮಶಾನ. ಅಲ್ಲಿಗೆ ಪ್ರವಾಸಿಗರು ಕಡಿಮೆ. ಸಾಲು ಸಾಲು ಬಿಳಿ ಕಲ್ಲುಗಳಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಉತ್ತರದ ಸೈನ್ಯ ಸೇರಿದ ಕಪ್ಪು ಸೈನಿಕರು ಬಹಳ ಮಂದಿ ಇದ್ದಾರೆ. ವಿಲ್ಸನ್ ಬ್ರೌನ್ ಅಂತ ಒಬ್ಬ. ಇದೇ ಊರಲ್ಲಿ ಹುಟ್ಟಿದವನು. ನೌಕಾಪಡೆಗೆ ಸೇರಿ, 1864ರ ಮೊಬೈಲ್ ಕೊಲ್ಲಿಯ ಕದನದಲ್ಲಿ ಫಿರಂಗಿ ಗುಂಡು ಸಿಡಿದ ಹೊಡೆತಕ್ಕೆ ಪ್ರಜ್ಞೆ ತಪ್ಪಿ ಬಿದ್ದು, ಎದ್ದವನೇ ಮತ್ತೆ ತನ್ನ ಜಾಗಕ್ಕೆ ಹೋಗಿ ನಿಂತ. ದೇಶದ ಅತ್ಯುನ್ನತ ಶೌರ್ಯ ಪದಕ ಅವನಿಗೆ ಸಿಕ್ಕಿತು.

ಮಧ್ಯಾಹ್ನ ಮೆಲ್‌ರೋಸ್. 1840ರ ದಶಕದ ಮನೆ, ಈಗ ರಾಷ್ಟ್ರೀಯ ಉದ್ಯಾನ ಇಲಾಖೆಯ ಕೈಯಲ್ಲಿದೆ. ಇಲ್ಲಿನ ಮಾರ್ಗದರ್ಶಿಗಳು ದೆವ್ವದ ಮಾತೇ ಎತ್ತುವುದಿಲ್ಲ. ಊಟದ ಮನೆಯಲ್ಲಿ ಮೇಜಿನ ಮೇಲೆ ಸೂರಿನಿಂದ ಇಳಿಬಿಟ್ಟ ದೊಡ್ಡ ಮಹಾಗನಿ ಹಲಗೆ. ನೋಡಿದ ಕೂಡಲೇ ಗೊತ್ತಾಯಿತು. ಪಂಖಾ! ನಮ್ಮ ದೇಶದ ಬ್ರಿಟಿಷ್ ಬಂಗಲೆಗಳಲ್ಲಿದ್ದ ಅದೇ ಪಂಖಾ, ಅದೇ ಹೆಸರಲ್ಲೇ ಇಲ್ಲಿಗೂ ಬಂದಿದೆ. ಮೂಲೆಯಲ್ಲಿ ಒಂದು ಗುಲಾಮ ಮಗು ನಿಂತು ಊಟ ಮುಗಿಯುವ ತನಕ ಹಗ್ಗ ಎಳೆಯಬೇಕು. ಜೋರಾಗಿ ಎಳೆದರೆ ಮೇಣದಬತ್ತಿ ಆರುತ್ತದೆ, ನಿಧಾನ ಮಾಡಿದರೆ ನೊಣ ಕೂರುತ್ತದೆ. ಹಿಂಬದಿಯ ಜಗಲಿಯಲ್ಲಿ ಸಾಲಾಗಿ ಗಂಟೆಗಳು. ಒಂದೊಂದು ಕೋಣೆಗೆ ಒಂದೊಂದು, ಒಂದೊಂದರ ದನಿ ಬೇರೆ. ದನಿ ಕೇಳಿಯೇ ಯಾರು ಓಡಬೇಕು ಅಂತ ಗೊತ್ತಾಗಬೇಕು. ಹಿಂದೆ ಗುಲಾಮರ ಮನೆಗಳೂ ಉಳಿದಿವೆ. ಮಗಳು ಅಲ್ಲಿ ಫೋನ್ ಜೇಬಿಗೆ ಹಾಕಿದಳು.

ಸಂಜೆ ಸಿಲ್ವರ್ ಸ್ಟ್ರೀಟ್ ಇಳಿದು ದಿಬ್ಬದ ಕೆಳಗಿನ ಕೇರಿಗೆ ಹೋದೆವು. ಅಂಡರ್ ದ ಹಿಲ್ ಅಂತಲೇ ಅದರ ಹೆಸರು. ಒಂದು ಕಾಲಕ್ಕೆ ಜೂಜು, ಕುಡಿತ, ಚೂರಿ ಇರಿತಕ್ಕೆ ನದಿಯುದ್ದಕ್ಕೂ ಹೆಸರಾದ ಜಾಗ. ಬಹುಪಾಲು ಬೀದಿಗಳನ್ನು ನದಿ ಕೊಚ್ಚಿಕೊಂಡು ಹೋಗಿ ಈಗ ಒಂದು ಸಾಲು ಕಟ್ಟಡ ಉಳಿದಿದೆ. 1840ರ ಮೇ 7ರಂದು ಸುಂಟರಗಾಳಿ ನದಿಯ ಮೇಲೆಯೇ ನುಗ್ಗಿ ಬಂತು. ಲೆಕ್ಕದ ಪ್ರಕಾರ ಸತ್ತವರು 317, ಅದರಲ್ಲಿ ಹೆಚ್ಚಿನವರು ದೋಣಿಗಳಲ್ಲಿದ್ದವರು. ತೋಟಗಳಲ್ಲಿ ಸತ್ತ ಗುಲಾಮರನ್ನು ಆ ಲೆಕ್ಕಕ್ಕೆ ಸೇರಿಸಿರಲಿಕ್ಕಿಲ್ಲ ಅಂತ ಇತಿಹಾಸ ಬಲ್ಲವರು ಹೇಳುತ್ತಾರೆ. ಮತ್ತೆ ಅದೇ ಕಥೆ.

ಇದೇ ಊರಿಗೆ 1788ರಲ್ಲಿ ಅಬ್ದುಲ್ ರಹಮಾನ್ ಇಬ್ರಾಹಿಮಾ ಎಂಬ ಯುವಕನನ್ನು ತಂದು ಥಾಮಸ್ ಫೋಸ್ಟರ್ ಎಂಬ ರೈತನಿಗೆ ಮಾರಿದರು. ಪಶ್ಚಿಮ ಆಫ್ರಿಕಾದ ಫುಟಾ ಜಾಲೋನ್‌ನ ರಾಜಕುಮಾರ, ಅರಬ್ಬೀ ಓದುಬರಹ ಬಲ್ಲವನು. ನಾನು ರಾಜನ ಮಗ ಅಂದರೆ ಯಾರು ನಂಬುತ್ತಾರೆ? 1807ರಲ್ಲಿ ಸಂತೆಯಲ್ಲಿ ತರಕಾರಿ ಮಾರುತ್ತಿದ್ದಾಗ ಜಾನ್ ಕಾಕ್ಸ್ ಎಂಬ ಬಿಳಿ ವೈದ್ಯ ಎದುರಾದ. ಆಫ್ರಿಕಾದಲ್ಲಿ ದಾರಿತಪ್ಪಿ ಸಾಯುವ ಸ್ಥಿತಿಯಲ್ಲಿದ್ದ ಅವನನ್ನು ಕಾಪಾಡಿ ಸಾಕಿದ್ದು ಇಬ್ರಾಹಿಮಾನ ತಂದೆಯೇ! ವೈದ್ಯ ಗುರುತು ಹಿಡಿದ. ಬಿಡಿಸಲು ಒದ್ದಾಡಿದ. ಯಜಮಾನ ಒಪ್ಪಲಿಲ್ಲ. ಬಿಡುಗಡೆಯಾದದ್ದು 1828ರಲ್ಲಿ, ನಲವತ್ತು ವರ್ಷದ ಜೀತದ ನಂತರ. ಹಡಗು ಹತ್ತಿ ಲೈಬೀರಿಯಾ ಮುಟ್ಟಿ, ತನ್ನೂರು ಸೇರುವ ಮೊದಲೇ 1829ರಲ್ಲಿ ಸತ್ತ. ಹಿಂದಿನ ರಾತ್ರಿಯ ನಡಿಗೆಯಲ್ಲಿ ಈ ಹೆಸರು ಬರಲೇ ಇಲ್ಲ. ಹಾರ್ಪ್ ನುಡಿಸುವ ಮಿಸ್ ಪರ್ಸಿಗಿಂತ ಇದು ಸಾವಿರ ಪಾಲು ಒಳ್ಳೆ ಕಥೆ ಅನ್ನುವುದು ನನ್ನ ಅಭಿಪ್ರಾಯ.

ಭಾನುವಾರ

ಊರಿಗೆ ಮರಳುವ ದಿನ. ಗಂಡನಿಗೆ ಗೋಟ್ ಕ್ಯಾಸಲ್ ನೋಡುವ ಆಸೆ. ಆದರೆ ನೋಡಲು ಏನೂ ಉಳಿದಿಲ್ಲ. ಮನೆ ಕೆಡವಿ ಬಹಳ ಕಾಲವಾಯಿತು. ಕಥೆ ಮಾತ್ರ ಜೋರಾಗಿದೆ.

1932ರ ವಸಂತದಲ್ಲಿ ಊರಿನ ಹೆಂಗಸರು ಗಾರ್ಡನ್ ಕ್ಲಬ್ ಮೂಲಕ ಮೊದಲ ಬಾರಿ ದೊಡ್ಡ ಮನೆಗಳನ್ನು ಪ್ರವಾಸಿಗರಿಗೆ ತೆರೆದರು. ಅಗಲ ಲಂಗ ತೊಟ್ಟು ಬಾಗಿಲಲ್ಲಿ ನಿಂತು ಹಳೇ ವೈಭವ ತೋರಿಸಿದರು. ಅದೇ ವರ್ಷ ಆಗಸ್ಟ್ 4ರ ರಾತ್ರಿ ಗ್ಲೆನ್‌ಬರ್ನಿ ಎಂಬ ಮನೆಯಲ್ಲಿ ಒಂಟಿಯಾಗಿದ್ದ ಜೆನ್ನಿ ಮೆರಿಲ್ ಕೊಲೆಯಾದಳು. ಪಕ್ಕದಲ್ಲಿ, ಮುಂದೆ ಗೋಟ್ ಕ್ಯಾಸಲ್ ಅಂತ ಹೆಸರಾದ ಮನೆಯಲ್ಲಿ, ಡಿಕ್ ಡೇನಾ, ಆಕ್ಟೇವಿಯಾ ಡಾಕೆರಿ ಎಂಬಿಬ್ಬರು ಹರಕು ಬಟ್ಟೆಯಲ್ಲಿ, ಆಡುಗಳ ಜೊತೆ, ಆಡುಗಳು ಪುಸ್ತಕ ಪರದೆ ಎಲ್ಲ ಮೇಯುವ ಸ್ಥಿತಿಯಲ್ಲಿ ಬದುಕುತ್ತಿದ್ದರು. ಅವರ ಆಡುಗಳು ಜೆನ್ನಿಯ ತೋಟಕ್ಕೆ ನುಗ್ಗಿ ಜಗಳವಾಗುತ್ತಿತ್ತು. ಅವರ ಬೆರಳಚ್ಚು ಜೆನ್ನಿಯ ಮನೆಯೊಳಗೆ ಸಿಕ್ಕಿತು. ಇಬ್ಬರನ್ನೂ ಹಿಡಿದರು, ಬಿಟ್ಟರು. ಶಿಕ್ಷೆ ಆಗಲೇ ಇಲ್ಲ. ಹಳೇ ಶ್ರೀಮಂತ ಮನೆತನದವರು ನೋಡಿ! ಅವರು ತಮ್ಮ ಹಾಳುಮನೆಗೆ ಟಿಕೆಟ್ ಇಟ್ಟು ದೇಶವೆಲ್ಲ ಹೆಸರಾದರು.

ಜೈಲಿಗೆ ಹೋದದ್ದು ಎಮಿಲಿ ಬರ್ನ್ಸ್. ಬಟ್ಟೆ ಒಗೆದು ಬದುಕುತ್ತಿದ್ದ ಕಪ್ಪು ಹೆಂಗಸು. ಗುಂಡು ಹಾರಿಸಿದ್ದಾನೆ ಎನ್ನಲಾದ ಜಾರ್ಜ್ ಪರ್ಲ್ಸ್‌ನನ್ನು ಆಗಲೇ ಅರ್ಕಾನ್ಸಾದಲ್ಲಿ ಪೊಲೀಸರು ಕೊಂದಿದ್ದರು. ಅವನ ಜೊತೆ ಹೋಗಿದ್ದಳು ಅನ್ನುವುದಕ್ಕೆ ಎಮಿಲಿಗೆ ಜೀವಾವಧಿ. ಪಾರ್ಚ್‌ಮನ್ ಎಂಬ ಕುಖ್ಯಾತ ಜೈಲುತೋಟದಲ್ಲಿ ಎಂಟು ವರ್ಷ ದುಡಿದ ಮೇಲೆ 1940ರಲ್ಲಿ ರಾಜ್ಯಪಾಲರು ಬಿಟ್ಟರು. ದೆವ್ವದ ಕಥೆಯಲ್ಲಿ ಜೆನ್ನಿ ಇದ್ದಾಳೆ, ಡೇನಾ ಇದ್ದಾನೆ, ಆಡುಗಳೂ ಇವೆ. ಎಮಿಲಿ ಇಲ್ಲ.

ಸೇಂಟ್ ಕ್ಯಾಥರೀನ್ ಸ್ಟ್ರೀಟ್‌ನಲ್ಲಿ ರಿದಮ್ ನೈಟ್ ಕ್ಲಬ್ ಇದ್ದ ಜಾಗ ಸಿಗುತ್ತದೆ. 1940ರ ಏಪ್ರಿಲ್ 23ರ ರಾತ್ರಿ ಚಿಕಾಗೋದ ವಾಲ್ಟರ್ ಬಾರ್ನ್ಸ್‌ನ ವಾದ್ಯಗೋಷ್ಠಿ ಬಂದಿತ್ತು. ತಗಡಿನ ಕಟ್ಟಡ, ಒಳಗೆಲ್ಲ ಅಲಂಕಾರಕ್ಕೆ ಒಣಗಿದ ಸ್ಪ್ಯಾನಿಷ್ ಮಾಸ್. ಟಿಕೆಟ್ ಇಲ್ಲದೆ ಯಾರೂ ನುಗ್ಗಬಾರದು ಅಂತ ಕಿಟಕಿಗಳಿಗೆ ಹಲಗೆ ಹೊಡೆದಿದ್ದರು. ಹೊರಗೆ ಹೋಗಲು ಇದ್ದದ್ದು ಮುಂಬಾಗಿಲು ಮಾತ್ರ. ಬೆಂಕಿ ಹತ್ತಿತು. ಬಾರ್ನ್ಸ್ ಜನ ಗಾಬರಿಯಾಗದಿರಲಿ ಅಂತ ವಾದ್ಯ ನಿಲ್ಲಿಸದೆ ನುಡಿಸುತ್ತಲೇ ಇದ್ದ ಅಂತ ಹೇಳುತ್ತಾರೆ. 209 ಜನ ಸತ್ತರು, ಅವನೂ ಸೇರಿ. ಸಣ್ಣ ಮ್ಯೂಸಿಯಂ ಇದೆ. ನಾವು ಹೋದಾಗ ಬಾಗಿಲು ಹಾಕಿತ್ತು. ಹೊರಗಿನ ಫಲಕ ಓದಿದೆವು. ಎದುರು ಮನೆಯ ಜಗಲಿಯಲ್ಲಿ ಕೂತಿದ್ದ ಅಜ್ಜಿ ಕೈಬೀಸಿದರು.

ಅದೇ ರಸ್ತೆಯ ತುದಿಗೆ ಹೋದರೆ ಫೋರ್ಕ್ಸ್ ಆಫ್ ದ ರೋಡ್. ರಸ್ತೆ ಕವಲೊಡೆಯುವ ಒಂದು ಹುಲ್ಲಿನ ತುಂಡು, ಸುತ್ತ ಸಾಧಾರಣ ಅಂಗಡಿಗಳು. 1833ರಿಂದ 1863ರ ತನಕ ಇಲ್ಲಿ ಗುಲಾಮರ ಸಂತೆ ನಡೆಯುತ್ತಿತ್ತು. ತೀರಾ ದಕ್ಷಿಣದ ರಾಜ್ಯಗಳಲ್ಲಿ ನ್ಯೂ ಆರ್ಲಿಯನ್ಸ್ ಬಿಟ್ಟರೆ ಇದೇ ದೊಡ್ಡದು. ವರ್ಜೀನಿಯಾದಿಂದ ಜನರನ್ನು ಸರಪಳಿಯಲ್ಲಿ ಸಾಲಾಗಿ ಕಟ್ಟಿ ನಡೆಸಿಕೊಂಡು ಬರುತ್ತಿದ್ದರು. ಮೊದಲು ವ್ಯಾಪಾರ ಊರೊಳಗೇ ಇತ್ತು. ಕಾಲರಾದಿಂದ ಸತ್ತವರನ್ನು ಐಸಾಕ್ ಫ್ರಾಂಕ್ಲಿನ್ ಎಂಬ ವ್ಯಾಪಾರಿ ಗುಟ್ಟಾಗಿ ಕೊರಕಲಲ್ಲಿ ಹೂತದ್ದು ಹೊರಬಿದ್ದು ಊರವರು ಗಲಾಟೆ ಮಾಡಿದರು. ಗಲಾಟೆ ಗುಲಾಮಗಿರಿಗಲ್ಲ, ರೋಗ ಹರಡುತ್ತದೆ ಅಂತ. ಸಂತೆಯನ್ನು ಊರಾಚೆ ಇಲ್ಲಿಗೆ ಹಾಕಿದರು. 1863ರಲ್ಲಿ ಉತ್ತರದ ಸೈನ್ಯ ಬಂದಾಗ ಆ ಷೆಡ್ಡುಗಳನ್ನು ಕೆಡವಿದರು. ಕೆಡವಿದವರಲ್ಲಿ ಕಪ್ಪು ಸೈನಿಕರೂ ಇದ್ದರು. ಮರವನ್ನು ಸೈನ್ಯದ ಬಿಡಾರಕ್ಕೆ ಬಳಸಿದರು.

ನೆಲದ ಕಾಂಕ್ರೀಟಿನಲ್ಲಿ ಕಬ್ಬಿಣದ ಕೋಳಗಳನ್ನು ಹುದುಗಿಸಿದ್ದಾರೆ. ಕೆಲವು ಫಲಕಗಳಿವೆ. ಟಿಕೆಟ್ ಇಲ್ಲ, ಲಾಟೀನಿನವನಿಲ್ಲ. ಊರಿನ ಕಪ್ಪು ಜನ ವರ್ಷಗಟ್ಟಲೆ ಬೆನ್ನುಬಿದ್ದು, 2021ರಲ್ಲಿ ಇದು ರಾಷ್ಟ್ರೀಯ ಐತಿಹಾಸಿಕ ಉದ್ಯಾನಕ್ಕೆ ಸೇರಿತು. ನಾವು ಅಲ್ಲಿದ್ದಾಗ ಮತ್ತೊಂದು ಕುಟುಂಬ ಬಂತು. ಅಟ್ಲಾಂಟಾದವರಂತೆ. ಆ ಮನೆಯ ಹಿರಿಯರು ಫಲಕದಲ್ಲಿ ಪಟ್ಟಿ ಮಾಡಿದ್ದ ಹೆಸರುಗಳನ್ನು ಮೊಮ್ಮಕ್ಕಳಿಂದ ಜೋರಾಗಿ ಓದಿಸುತ್ತಿದ್ದರು. ಒಂದು ಮಗು ತಪ್ಪು ಓದಿದರೆ ಅವರು ತಿದ್ದಿ ಮತ್ತೆ ಓದಿಸುತ್ತಿದ್ದರು.

ಹೋಗುವವರಿಗೆ ಎರಡು ಮಾತು. ಬೇಸಿಗೆ ಬೇಡ, ಸೆಕೆಗೆ ಲಾಂಗ್‌ವುಡ್‌ನ ಮೇಲಿನ ಅಂತಸ್ತು ಒಲೆಯಾಗಿರುತ್ತದೆ. ಮಾರ್ಚ್ ಇಲ್ಲವೇ ಅಕ್ಟೋಬರ್ ಒಳ್ಳೆಯದು. ತಿಂಗಳು ಯಾವುದಾದರೂ ಸ್ಮಶಾನಕ್ಕೆ ಸೊಳ್ಳೆ ಎಣ್ಣೆ ಹಚ್ಚಿಕೊಂಡು ಹೋಗಿ. ಸಸ್ಯಾಹಾರಿಗಳು ಒಂದಷ್ಟು ಚಪಾತಿ ಕಟ್ಟಿಕೊಳ್ಳಿ, ಇಲ್ಲಿ ಬೀನ್ಸ್ ಬೇಯಿಸಿದರೂ ಹಂದಿಮಾಂಸ ಹಾಕುವವರಿದ್ದಾರೆ. ರಾತ್ರಿಯ ದೆವ್ವದ ನಡಿಗೆಗೆ ಖಂಡಿತ ಹೋಗಿ, ಮಜವಾಗಿರುತ್ತದೆ. ಆದರೆ ಮೊದಲ ದಿನ ಬೆಳಗ್ಗೆಯೇ ಫೋರ್ಕ್ಸ್ ಆಫ್ ದ ರೋಡ್‌ಗೆ ಹೋಗಿ ಬಂದು, ಆಮೇಲೆ ಮನೆಗಳ ಟಿಕೆಟ್ ತಗೊಳ್ಳಿ. ನಾವು ತಿರುಗಾಮುರುಗಾ ನೋಡಿದೆವು.